ಗೋಪನಕೊಪ್ಪದಾಗ ಕರ್ನಲ್ ಪಾಟರ್

2011ರ ಡಿಸೆಂಬರ್ 7ರಂದು ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ಹ್ಯಾರಿ ಮಾರ್ಗನ್ ಎಂಬ ಹಿರಿಯ ನಟ ತೀರಿಕೊಂಡರು. ಅವರಿಗೆ 96 ವರ್ಷ. ಅಲ್ಲೇ ಇರುವ ನಮ್ಮತ್ತೆ ಫೋನ್ ಮಾಡಿ ಅಜ್ಜನಿಗೆ ಸುದ್ದಿ ಮುಟ್ಟಿಸಿದಳು. ಅಜ್ಜ ಫೋನಿಟ್ಟವನೇ ಕೋಟು ಹಾಕಿಕೊಂಡು ರೇಲ್ವೆ ಕಾಕಾನ ಮನೆಗೆ ಹೋದ. ಅಲ್ಲಿಂದ ಇಬ್ಬರೂ ಕೂಡಿ ಹವಾಲ್ದಾರ ಕಾಕಾನ ಮನೆಗೆ. "ಕರ್ನಲ್ ಹೋದ್ರಂತ್ರಿ," ಅಂದ ಅಜ್ಜ. ಯಾವ ಕರ್ನಲ್ ಎಂದು ಅಲ್ಲಿ ಯಾರೂ ಕೇಳಲಿಲ್ಲ.

ಗೋಪನಕೊಪ್ಪ ಒಂದು ಕಾಲಕ್ಕೆ ಬೇರೆಯೇ ಹಳ್ಳಿ. ಹುಬ್ಬಳ್ಳಿ ಬೆಳೆಯುತ್ತ ಬೆಳೆಯುತ್ತ ಕೇಶ್ವಾಪುರ ದಾಟಿ ಬಂದು ಅದನ್ನು ತನ್ನೊಳಗೆ ಸೇರಿಸಿಕೊಂಡಿತು. ಆದರೂ ಓಣಿಯೊಳಗೆ ಹಳ್ಳಿಯ ನಡೆ ಉಳಿದಿದೆ. ಚಳಿಗಾಲ ಬಂತೆಂದರೆ ಸಂಜೆ ಯಾರದಾದರೂ ಮನೆಯ ಅಂಗಳದಲ್ಲಿ ಹತ್ತಿಕಟಗಿ ಗುಡ್ಡೆ ಹಾಕಿ ಬೆಂಕಿ ಮಾಡುತ್ತಾರೆ, ಸುತ್ತಲೂ ಕೂತು ಕಾಯಿಸಿಕೊಳ್ಳುತ್ತಾರೆ. ಹತ್ತಿಕಟಗಿ ಭಗ್ಗನೆ ಹತ್ತಿ ಬೇಗ ಆರುತ್ತದೆ. ಮಾತು ಉದ್ದ ನಡೆಯಬೇಕೆಂದರೆ ನಡುವೆ ಒಂದು ಜಾಲಿ ಕೊರಡು ಇಡಬೇಕು. ನಮ್ಮಂಗಳದ ಬೆಂಕಿಗೆ ಕೊರಡು ತರುವ ಕೆಲಸ ರೇಲ್ವೆ ಕಾಕಾನದು. ಎಲ್ಲಿಂದ ತರುತ್ತಿದ್ದನೋ, ಪ್ರತಿ ಸಂಜೆ ತರುತ್ತಿದ್ದ.

ಈ ಮೂವರೂ ಚಿಕ್ಕಂದಿನ ಗೆಳೆಯರಲ್ಲ. ಅಜ್ಜ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತನಾದ ಮಾಸ್ತರ. ರೇಲ್ವೆ ಕಾಕಾ ಮೀಟರ್ ಗೇಜ್ ಕಾಲದಲ್ಲಿ ಉಗಿಬಂಡಿಯ ಫೈರ್‌ಮನ್ ಆಗಿ ಕಲ್ಲಿದ್ದಲು ಎಸೆದು, ಆಮೇಲೆ ಡೀಸೆಲ್ ಓಡಿಸಿ, ಮೊಣಕಾಲು ನೋವಿನೊಂದಿಗೆ ಮನೆಗೆ ಬಂದವನು. ಹವಾಲ್ದಾರ ಕಾಕಾ ನವಲಗುಂದದ ಕಡೆಯವನು. ಸೈನ್ಯದ ವೈದ್ಯಕೀಯ ದಳದಲ್ಲಿ ನರ್ಸಿಂಗ್ ಸಹಾಯಕನಾಗಿ ದುಡಿದು, ಪೆನ್ಶನ್ ಬಂದ ಮೇಲೆ ಇಲ್ಲಿ ಮನೆ ಕಟ್ಟಿಸಿಕೊಂಡವನು. ಒಬ್ಬರಿಗೊಬ್ಬರು ಪರಿಚಯವಾದದ್ದೇ ನೌಕರಿ ಮುಗಿದ ಮೇಲೆ. ಅರವತ್ತರ ಮೇಲೆ ಆಗುವ ಗೆಳೆತನಕ್ಕೆ ಹಳೆಯ ಕಥೆಗಳು ಹೊಸದಾಗಿ ಸಿಗುತ್ತವೆ. ಅಜ್ಜನ ಯಾವ ಕಥೆಯನ್ನೂ ರೇಲ್ವೆ ಕಾಕಾ ಮೊದಲು ಕೇಳಿರಲಿಲ್ಲ, ಹಾಗಾಗಿ ಅಜ್ಜ ಎಲ್ಲವನ್ನೂ ಮೊದಲಿಂದ ಹೇಳಬಹುದಿತ್ತು. ಹವಾಲ್ದಾರ ಕಾಕಾ ಮಾತ್ರ ಕೇಳುವವನು. ಅವನು ತನ್ನ ಕಥೆ ಹೇಳಿದ್ದನ್ನು ಆವರೆಗೆ ಯಾರೂ ಕೇಳಿರಲಿಲ್ಲ.

ಮೂವರನ್ನೂ ಒಂದು ಟೀವಿಯ ಮುಂದೆ ಕೂರಿಸಿದ್ದು ಅತ್ತೆ ತಂದುಕೊಟ್ಟ ಡಿವಿಡಿ ಪೆಟ್ಟಿಗೆ. 'ಮ್ಯಾಶ್' ಎಂಬ ಧಾರಾವಾಹಿ. 1972ರ ಸೆಪ್ಟೆಂಬರಿನಿಂದ 1983ರ ಫೆಬ್ರವರಿವರೆಗೆ ಅಮೆರಿಕದ ಸಿಬಿಎಸ್ ವಾಹಿನಿಯಲ್ಲಿ ಬಂದದ್ದು. ಕೊರಿಯಾ ಯುದ್ಧದ ಹೊತ್ತಿನಲ್ಲಿ ಗಡಿಯ ಹತ್ತಿರ ಡೇರೆ ಹಾಕಿಕೊಂಡ ಒಂದು ಸಂಚಾರಿ ಶಸ್ತ್ರಚಿಕಿತ್ಸಾ ಆಸ್ಪತ್ರೆ, ಅಲ್ಲಿಯ ಡಾಕ್ಟರರು, ನರ್ಸರು, ಗುಮಾಸ್ತ, ಪಾದ್ರಿ. ನಗಿಸುವ ಧಾರಾವಾಹಿಯೇ, ಆದರೆ ಹೆಲಿಕಾಪ್ಟರ್ ಸದ್ದು ಕೇಳಿದೊಡನೆ ನಗು ನಿಂತು ಎಲ್ಲರೂ ಗಾಯಾಳುಗಳ ಕಡೆ ಓಡುತ್ತಾರೆ. ನಾನಾಗ ಕಾಲೇಜಿಗೆ ಹೋಗುತ್ತಿದ್ದೆ. ಡಿವಿಡಿ ಹಾಕುವುದು, ಮಾತು ಅರ್ಥವಾಗದಿದ್ದಲ್ಲಿ ನಿಲ್ಲಿಸಿ ಹೇಳುವುದು ನನ್ನ ಪಾಲಿನ ಕೆಲಸ. ಅಜ್ಜ ಕನ್ನಡದಲ್ಲಿ ಹೇಳತೊಡಗಿದರೆ ಡಾಕ್ಟರ್ ಹಾಕೈ ಪಿಯರ್ಸ್ ಅಪ್ಪಟ ಹುಬ್ಬಳ್ಳಿ ಹುಡುಗನಾಗುತ್ತಿದ್ದ. ದುರ್ಗದ ಬೈಲಿನಲ್ಲಿ ಗಿರ್ಮಿಟ್ ತಿನ್ನುತ್ತ ನಿಂತು ಹೋಗಿಬರುವವರನ್ನೆಲ್ಲ ಮಾತಾಡಿಸುವ ಜಾತಿ.

ಆ ಡಿವಿಡಿಯಲ್ಲಿ ಒಂದು ಅನುಕೂಲವಿತ್ತು. ಹಿನ್ನೆಲೆಯಲ್ಲಿ ಕೇಳಿಸುವ ಜನರ ನಗುವನ್ನು ಬೇಕಾದರೆ ಇಡಬಹುದು, ಬೇಡವಾದರೆ ತೆಗೆಯಬಹುದು. ಇದರ ಮೇಲೆ ಮೊದಲ ವಾರವೇ ಜಗಳ. ಹವಾಲ್ದಾರ ಕಾಕಾ "ಆ ನಗಿ ತಗಿಯವಾ ತಂಗಿ, ದವಾಖಾನ್ಯಾಗ ಹಂಗ ಯಾರೂ ನಗಂಗಿಲ್ಲ" ಅಂದ. ರೇಲ್ವೆ ಕಾಕಾ ಒಪ್ಪಲಿಲ್ಲ. "ಅದನ್ನ ತಗದ್ರ ನನಗ ಎಲ್ಲಿ ನಗಬೇಕಂತ ಹೆಂಗ ಗೊತ್ತಾಗಬೇಕ್ರಿ? ನನಗ ನಿಮ್ಮಂಗ ಇಂಗ್ಲಿಷ್ ಬರತೈತೇನು?" ಅಂದ. ಕೊನೆಗೆ ನಗು ಉಳಿಯಿತು. ಆಪರೇಶನ್ ಕೋಣೆಯ ದೃಶ್ಯ ಬಂದಾಗ ಹವಾಲ್ದಾರ ಕಾಕಾ ಟೀವಿಯ ಕಡೆ ಕಿವಿಗೊಟ್ಟು ಕಾದ. ಅಲ್ಲಿ ನಗುವೇ ಇರಲಿಲ್ಲ. ಗಾಯಾಳುವಿನ ಮೈ ತೆರೆದಿರುವಾಗ ನಗು ಕೇಳಿಸಬಾರದು ಎಂದು ಧಾರಾವಾಹಿ ಮಾಡಿದವರು ವಾಹಿನಿಯವರೊಂದಿಗೆ ಮೊದಲೇ ಹಟ ಹಿಡಿದು ಒಪ್ಪಿಸಿದ್ದರು ಎಂದು ಅಜ್ಜ ಓದಿ ಹೇಳಿದ. "ಹಂಗಾರ ಮಾಡಿದವರಿಗೆ ತಿಳವಳಿಕಿ ಐತಿ," ಎಂದು ಹವಾಲ್ದಾರ ಕಾಕಾ ಅಂದೇ ಆ ಧಾರಾವಾಹಿಯನ್ನು ತನ್ನದಾಗಿಸಿಕೊಂಡ.

ಅವನಿಗೆ ಅದು ಇನ್ನಷ್ಟು ಹತ್ತಿರವಾದದ್ದು ಮೂರನೆಯ ವರ್ಷದ ಕೊನೆಯ ಕಂತಿನಿಂದ. 1975ರ ಮಾರ್ಚ್ 18ರಂದು ಬಂದ ಕಂತು. ಆಸ್ಪತ್ರೆಯ ಮುಖ್ಯಸ್ಥ ಹೆನ್ರಿ ಬ್ಲೇಕ್‌ಗೆ ಊರಿಗೆ ಮರಳಲು ಅಪ್ಪಣೆ ಸಿಗುತ್ತದೆ. ಎಲ್ಲರೂ ಅಪ್ಪಿ, ಅತ್ತು, ನಕ್ಕು ಕಳಿಸಿಕೊಡುತ್ತಾರೆ. ಕೊನೆಯಲ್ಲಿ ಆಪರೇಶನ್ ನಡೆಯುತ್ತಿರುವ ಕೋಣೆಗೆ ಗುಮಾಸ್ತ ಹುಡುಗ ರೇಡಾರ್ ಮಾಸ್ಕಿಲ್ಲದೆ ಬಂದು, ಬ್ಲೇಕ್ ಹೋಗುತ್ತಿದ್ದ ವಿಮಾನವನ್ನು ಜಪಾನ್ ಸಮುದ್ರದ ಮೇಲೆ ಹೊಡೆದುರುಳಿಸಿದರು, ಯಾರೂ ಉಳಿದಿಲ್ಲ ಎಂದು ಚೀಟಿ ಓದುತ್ತಾನೆ. ಆ ಕೊನೆಯ ಪುಟವನ್ನು ಬಹುತೇಕ ನಟರಿಗೂ ಮೊದಲು ತೋರಿಸಿರಲಿಲ್ಲವಂತೆ. ಚಿತ್ರೀಕರಣದ ಹೊತ್ತಿಗೆ ಯಾರದೋ ಕೈಯಿಂದ ಒಂದು ಉಪಕರಣ ನೆಲಕ್ಕೆ ಬಿದ್ದ ಸದ್ದನ್ನೂ ಹಾಗೇ ಉಳಿಸಿಕೊಂಡಿದ್ದಾರೆ. ಆ ಸದ್ದಿಗೆ ನಾನು ಬೆಚ್ಚಿದ್ದೆ. ಹವಾಲ್ದಾರ ಕಾಕಾ ಮಾತ್ರ ಡಾಕ್ಟರರ ಕೈಗಳನ್ನೇ ನೋಡುತ್ತಿದ್ದ. "ನೋಡ್ರಿ, ಹೊಲಿಯೋದು ನಿಲ್ಲಲಿಲ್ಲ. ಖರೇ ಐತಿ. ಸುದ್ದಿ ಬಂದ್ರೂ ಕೈ ನಿಲ್ಲಂಗಿಲ್ಲ," ಎಂದ. ಅಷ್ಟೇ ಹೇಳಿ ಎದ್ದು ಮನೆಗೆ ಹೋದ.

ಸತ್ತ ಬ್ಲೇಕ್‌ನ ಜಾಗಕ್ಕೆ ಮುಂದಿನ ವರ್ಷ ಬರುವವನೇ ಕರ್ನಲ್ ಶೆರ್ಮನ್ ಪಾಟರ್. ಬಿಳಿ ಕೂದಲು, ಕುದುರೆಯ ಹುಚ್ಚು, ಎರಡು ಮಹಾಯುದ್ಧ ಕಂಡವನು. ಮೇಜಿನ ಮೇಲೆ ಹೆಂಡತಿಯ ಫೋಟೊ. ಆ ಫೋಟೊದಲ್ಲಿರುವುದು ಪಾಟರ್ ಪಾತ್ರ ಮಾಡಿದ ಹ್ಯಾರಿ ಮಾರ್ಗನ್ ಅವರ ನಿಜವಾದ ಹೆಂಡತಿಯೇ ಎಂದು ತಿಳಿದ ಮೇಲೆ ನಮ್ಮಜ್ಜಿಗೂ ಹವಾಲ್ದಾರ ಕಾಕಾನ ಹೆಂಡತಿ ಕಾಕುಗೂ ಅವರ ಮೇಲೆ ಬಹಳ ವಿಶ್ವಾಸ. ಇಬ್ಬರೂ ಹೊಸ್ತಿಲಲ್ಲಿ ಕೂತು ಮೆಂತೆಪಲ್ಲೆ ಬಿಡಿಸುತ್ತ ನೋಡುತ್ತಿದ್ದರು. ಇಂಗ್ಲಿಷ್ ಬರದಿದ್ದರೂ ಪಾಟರ್ ಮೇಜಿನ ಹಿಂದೆ ಕೂತಾಗಲೆಲ್ಲ ಕಾಕು ಆ ಫೋಟೊ ಹುಡುಕುತ್ತಿದ್ದಳು.

ಹೀಗಾಗಿ ಮಾರ್ಗನ್ ಹೋದ ಸುದ್ದಿ ಬಂದ ಆ ಸಂಜೆ ಓಣಿಯ ಒಬ್ಬ ಹಿರಿಯನನ್ನು ಕಳೆದುಕೊಂಡಂತೆ ಎಲ್ಲರೂ ಕೂಡಿದರು. ಯಾವ ಕಂತು ಹಾಕಬೇಕು ಎಂಬುದಕ್ಕೆ ಚರ್ಚೆಯೇ ನಡೆಯಲಿಲ್ಲ. 1980ರ ಜನವರಿ 21ರಂದು ಬಂದ, ಮುದಿ ಸೈನಿಕರ ಕುರಿತಾದ ಕಂತನ್ನು ಅಜ್ಜ ಮೊದಲೇ ತೆಗೆದಿಟ್ಟಿದ್ದ. ಆ ವರ್ಷವೇ ಮಾರ್ಗನ್ ಅವರಿಗೆ ಈ ಪಾತ್ರಕ್ಕಾಗಿ ಎಮಿ ಪ್ರಶಸ್ತಿಯೂ ಬಂದಿತ್ತು. ಅಂದು ನಗುವನ್ನು ತೆಗೆ ಎಂದು ಹೇಳಿದವನು ರೇಲ್ವೆ ಕಾಕಾ.

ಕಥೆ ಇಷ್ಟು. ಪಾಟರ್ ಟೋಕಿಯೋಗೆ ಹೋಗಿ ಬಂದವನೇ ಸಿಡುಕತೊಡಗುತ್ತಾನೆ. ಸಣ್ಣ ಮಾತಿಗೂ ರೇಗುತ್ತಾನೆ. ಅವನಿಗೇನೋ ದೊಡ್ಡ ರೋಗ ಬಂದಿರಬೇಕೆಂದು ಉಳಿದವರು ಗುಸುಗುಸು ಮಾಡುತ್ತಾರೆ. ಆಮೇಲೆ ಅವನ ಹೆಸರಿಗೊಂದು ಪೊಟ್ಟಣ ಬರುತ್ತದೆ. ಅವನು ಎಲ್ಲರನ್ನೂ ತನ್ನ ಡೇರೆಗೆ ಕರೆಯುತ್ತಾನೆ. ಪೊಟ್ಟಣದಲ್ಲಿ ಇರುವುದು ಹಳೆಯ ಬ್ರಾಂಡಿಯ ಒಂದು ಬಾಟಲಿ. 1917ರಲ್ಲಿ ಫ್ರಾನ್ಸಿನಲ್ಲಿ ತೋಪಿನ ಹೊಡೆತದ ನಡುವೆ ಐವರು ಗೆಳೆಯರು ಒಂದು ಹಳೆಯ ಕೋಟೆಮನೆಯಲ್ಲಿ ಸಿಕ್ಕಿಕೊಂಡಿದ್ದರು. ಅಲ್ಲಿ ಸಿಕ್ಕ ಬ್ರಾಂಡಿಯನ್ನೆಲ್ಲ ಕುಡಿದು, ಒಂದೇ ಒಂದು ಬಾಟಲಿ ಉಳಿಸಿಕೊಂಡು ಒಪ್ಪಂದ ಮಾಡಿದ್ದರು: ಐವರಲ್ಲಿ ಕೊನೆಗೆ ಯಾರು ಉಳಿಯುತ್ತಾರೋ ಅವರು ಇದನ್ನು ತೆರೆದು ಉಳಿದ ನಾಲ್ವರ ಹೆಸರಲ್ಲಿ ಕುಡಿಯಬೇಕು. ಒಬ್ಬ ಆ ಯುದ್ಧದಲ್ಲೇ ಹೋದ, ಇನ್ನೊಬ್ಬ ಮುಂದಿನ ಯುದ್ಧದಲ್ಲಿ. ಟೋಕಿಯೋದಲ್ಲಿ ಸತ್ತವನು ಎಲ್ಲರಿಗಿಂತ ಹತ್ತಿರದವನು. ಈಗ ಬಾಟಲಿ ಪಾಟರ್ ಕೈಯಲ್ಲಿ.

"ಅಂದ್ರ ಇದೊಂದು ಭಿಶಿ ಇದ್ದಂಗ ಆತಲ್ರಿ ಮಾಸ್ತರ," ಎಂದ ರೇಲ್ವೆ ಕಾಕಾ, ಅಜ್ಜನ ವಿವರಣೆ ಮುಗಿಯುವ ಮುಂಚೆಯೇ. "ಎಲ್ಲಾರೂ ಕೂಡಿ ಹಾಕೋದು, ಕಡೀಗೆ ಉಳದಾಂವಗ ಎತ್ತೋದು. ಆದ್ರ ಎತ್ತಿದಾಂವಗ ಏನ ಸುಖ ಇದ್ರಾಗ?"

ಅಜ್ಜನಿಗೆ ಆ ಪ್ರಶ್ನೆ ಬೇಕಾಗಿತ್ತು. ಟೀವಿ ಆರಿಸಿ ಎಲ್ಲರೂ ಅಂಗಳದ ಬೆಂಕಿಗೆ ಬಂದರು. ಅಜ್ಜ ಪಾಟರ್‌ನ ವಯಸ್ಸಿನಿಂದ ಶುರುಮಾಡಿದ. ಮಾರ್ಗನ್ ಹುಟ್ಟಿದ್ದು 1915ರಲ್ಲಿ, ಕಥೆಯ ಆ ಕೋಟೆಮನೆಯ ರಾತ್ರಿಯ ಹೊತ್ತಿಗೆ ಎರಡು ವರ್ಷದ ಕೂಸು. ತಾನು ಕಾಣದ ಯುದ್ಧದ ಸ್ನೇಹಿತರನ್ನು ನೆನೆಸಿಕೊಂಡು ಆ ಕಣ್ಣು ಹೇಗೆ ತುಂಬಿತು? ಅರವತ್ತನಾಲ್ಕರ ನಟನಿಗೆ ತನ್ನವೇ ಹೋದ ಹೆಸರುಗಳು ಇದ್ದಿರಬೇಕು ಎಂದ. ಹಾಕೈ ಪಾತ್ರದ ಅಲನ್ ಆಲ್ಡಾ ಬಗ್ಗೆಯೂ ಹೇಳಿದ. ಕೊರಿಯಾ ಯುದ್ಧ ನಡೆದದ್ದು 1950ರ ಜೂನ್ 25ರಿಂದ 1953ರ ಜುಲೈ 27ರವರೆಗೆ, ಮೂರು ವರ್ಷ ಚಿಲ್ಲರೆ. ಧಾರಾವಾಹಿ ನಡೆದದ್ದು ಹನ್ನೊಂದು ವರ್ಷ. ಯುದ್ಧ ಅಲ್ಲೇ ನಿಂತಿರುತ್ತದೆ, ಆಲ್ಡಾನ ತಲೆಯ ಮೇಲೆ ನರೆ ಏರುತ್ತ ಹೋಗುತ್ತದೆ. ಬಹಳ ಜನ ಇದನ್ನು ದೋಷ ಅನ್ನುತ್ತಾರೆ. ನಮ್ಮಜ್ಜ ಒಪ್ಪುತ್ತಿರಲಿಲ್ಲ, ನಾನೂ ಒಪ್ಪುವುದಿಲ್ಲ. ಮೂರು ವರ್ಷದ ಯುದ್ಧ ಒಬ್ಬ ಮನುಷ್ಯನನ್ನು ಹನ್ನೊಂದು ವರ್ಷ ಮುದುಕನನ್ನಾಗಿ ಮಾಡಬಲ್ಲದು. ಕ್ಯಾಮೆರಾ ಅದನ್ನು ತಾನಾಗಿ ಹಿಡಿದಿದೆ.

ರೇಲ್ವೆ ಕಾಕಾಗೆ ಈ ತತ್ವವೆಲ್ಲ ಬೇಡ. "ಕೊರಿಯಾದಾಗ ನಮ್ಮವರೂ ಇದ್ರಲ್ರಿ, ಆ ಇಂಜಿನ್ ಕಥಿ ಹೇಳ್ರಿ," ಎಂದು ಹಟ ಹಿಡಿದ. ಅದು ಅಜ್ಜ ಎಷ್ಟೋ ಸಲ ಹೇಳಿದ, ಕಾಕಾ ಅಷ್ಟೇ ಸಲ ಕೇಳಿಸಿಕೊಂಡ ಕಥೆ. 1950ರ ನವೆಂಬರಿನಲ್ಲಿ ಭಾರತ ಕೊರಿಯಾಕ್ಕೆ ಬಂದೂಕಿನ ಪಡೆಯನ್ನಲ್ಲ, ಆಸ್ಪತ್ರೆಯನ್ನು ಕಳಿಸಿತು: ಲೆಫ್ಟಿನೆಂಟ್ ಕರ್ನಲ್ ಎ. ಜಿ. ರಂಗರಾಜ್ ಅವರ ಕೈಕೆಳಗಿನ 60ನೇ ಪ್ಯಾರಾಶೂಟ್ ಫೀಲ್ಡ್ ಆ್ಯಂಬುಲೆನ್ಸ್. ಹೋದ ಕೆಲವೇ ದಿನಕ್ಕೆ ಚೀನಾದ ಸೈನ್ಯ ಇಳಿದು ಬಂತು, ಪ್ಯಾಂಗ್ಯಾಂಗ್ ಬಿಟ್ಟು ಹಿಂದೆ ಸರಿಯಬೇಕೆಂದು ಆಜ್ಞೆಯಾಯಿತು. ಇವರ ಬಳಿ ವಾಹನಗಳಿಲ್ಲ. ಔಷಧಿ, ಉಪಕರಣ ಬಿಟ್ಟು ಓಡಲು ಮನಸ್ಸಿಲ್ಲ. ಅಲ್ಲಿ ಬಿದ್ದಿದ್ದ ಒಂದು ಹಳೆಯ ಉಗಿ ಇಂಜಿನ್ನು, ಕೆಲವು ಡಬ್ಬಿಗಳು ಸಿಕ್ಕವು. ದಳದಲ್ಲಿ ಇಂಜಿನ್ ಕೆಲಸ ಬಲ್ಲವರಿದ್ದರು. ಜವಾನರು ಸಾಲು ನಿಂತು ಕೈಯಿಂದ ಕೈಗೆ ಬಕೀಟು ದಾಟಿಸಿ ನೀರು ತುಂಬಿದರು, ಬೆಂಕಿ ಹಾಕಿದರು, ಇಡೀ ಆಸ್ಪತ್ರೆಯನ್ನು ಹೊತ್ತುಕೊಂಡು ಟೇಡಾಂಗ್ ನದಿಯ ಸೇತುವೆಯನ್ನು ಅದು ಸ್ಫೋಟಗೊಳ್ಳುವ ಮುಂಚೆ ದಾಟಿದರು.

ಇಲ್ಲಿಗೆ ಬಂದಾಗ ರೇಲ್ವೆ ಕಾಕಾ ಮಾತನ್ನು ತಾನೇ ತೆಗೆದುಕೊಳ್ಳುತ್ತಿದ್ದ. ಅಂದೂ ತೆಗೆದುಕೊಂಡ. ಕಡ್ಡಿಯೊಂದರಿಂದ ನೆಲದ ಮೇಲೆ ಬಾಯ್ಲರ್ ಗೀಚಿ ನನಗೆ ತೋರಿಸಿದ. "ನೋಡ ತಂಗಿ. ತಣ್ಣಗ ನಿಂತ ಇಂಜಿನ್ನಿಗೆ ನೀರು ತುಂಬೋದು ಸಣ್ಣ ಮಾತಲ್ಲ. ಇಂಜೆಕ್ಟರ್ ನೀರ ಎಳಿಬೇಕಂದ್ರ ಉಗಿ ಬೇಕು. ಉಗಿ ಇಲ್ಲಂದಮ್ಯಾಲೆ ಮೊದಲನೇ ನೀರು ಬಾಯ್ಲರಿಗೇ ಕೈಲೇ ಹಾಕಬೇಕು. ಫೈರ್‌ಬಾಕ್ಸಿನ ನೆತ್ತಿ ನೀರಾಗ ಮುಳಗಿರಬೇಕು. ಅದು ಮುಳಗಧಂಗ ಬೆಂಕಿ ಹಾಕಿದ್ಯೋ, ಅಲ್ಲಿರೋ ಲೆಡ್ ಪ್ಲಗ್ ಕರಗಿ ಎಲ್ಲಾ ಕೆಲಸ ಕೆಡತೈತಿ. ನಮ್ಮ ಕಾಲಕ್ಕ ಪ್ಲಗ್ ಕರಗಸಿದ ಫೈರ್‌ಮನ್ ಸಾಹೇಬರ ಮುಂದ ನಿಲ್ಲಬೇಕಾಗತಿತ್ತು. ಇನ್ನ ಉಗಿ ಹಿಡಿಲಿಕ್ಕೆ ನಾಕೈದು ತಾಸು. ಹಿಂದಿನಿಂದ ವೈರಿ ಬರಾಕತ್ಯಾನ, ಮುಂದ ಸೇತುವಿಗೆ ಮದ್ದು ಕಟ್ಟ್ಯಾರ, ನಡುವ ಇವರು ಗೇಜ್ ಗ್ಲಾಸ್ ನೋಡ್ಕೋತ ಕೂತಾರ. ಅವರ ಎದಿ ಎಂಥಾದ್ದಿರಬೇಕು!" ಆ ಬಕೀಟಿನ ಸಾಲಿನಲ್ಲಿ ತಾನೂ ನಿಂತಿದ್ದೆ ಎನ್ನುವಂತೆ ಅವನ ಭುಜ ಆಡುತ್ತಿತ್ತು.

ಯುದ್ಧ ನಿಂತ ಮೇಲೆ ಊರಿಗೆ ಮರಳಲು ಒಲ್ಲದ ಇಪ್ಪತ್ತೆರಡು ಸಾವಿರಕ್ಕೂ ಹೆಚ್ಚು ಕೈದಿಗಳ ಪಂಚಾಯ್ತಿಕೆಗೆ ಅಧ್ಯಕ್ಷರಾಗಿ ಹೋದವರು ನಮ್ಮ ಮಡಿಕೇರಿಯ ಜನರಲ್ ತಿಮ್ಮಯ್ಯ ಎಂದೂ ಅಜ್ಜ ಸೇರಿಸಿದ. ಆ ತಿಮ್ಮಯ್ಯನವರು 1965ರ ಡಿಸೆಂಬರಿನಲ್ಲಿ ಸೈಪ್ರಸ್‌ನಲ್ಲಿ, ವಿಶ್ವಸಂಸ್ಥೆಯ ಪಡೆಯ ಹೊಣೆ ಹೊತ್ತಿದ್ದಾಗಲೇ, ಹೃದಯಾಘಾತದಿಂದ ತೀರಿಕೊಂಡರು. ಪಾಟರ್‌ನಂತೆ ಕುದುರೆ ಏರಿ ಮನೆಯ ದಾರಿ ಹಿಡಿಯುವ ಭಾಗ್ಯ ಅವರಿಗೆ ಸಿಗಲಿಲ್ಲ. ಕೊನೆಯ ಕಂತಿನಲ್ಲಿ ಪಾಟರ್ ಹೊರಡುವಾಗ, ಎಂದೂ ಶಿಸ್ತಿಗೆ ಬಗ್ಗದ ಇಬ್ಬರು ಡಾಕ್ಟರರು ನೆಟ್ಟಗೆ ನಿಂತು ಸೆಲ್ಯೂಟ್ ಹೊಡೆಯುವುದನ್ನು ನೆನೆದು ಅಜ್ಜ ಸ್ವಲ್ಪ ಹೊತ್ತು ಮಾತು ನಿಲ್ಲಿಸಿದ.

ಆಗ ಹವಾಲ್ದಾರ ಕಾಕಾ ಬಾಯಿಬಿಟ್ಟ. ಅದೂ ಒಂದು ತಕರಾರಿನಿಂದ.

"ಮಾಸ್ತರ, ಆ ಸಿಟ್ಟಿನ ಮಾತು ಯಾರೂ ಎತ್ತಲಿಲ್ಲ ನೀವು. ಎಲ್ಲಾರೂ ಬಾಟ್ಲಿ ಬಾಟ್ಲಿ ಅಂತೀರಿ. ಅಂವ ಮೊದಲ ಯಾಕ ಸಿಟ್ಟಿಗೆದ್ದ?"

"ದುಃಖ ಆಗಿತ್ತಲ್ರಿ," ಎಂದ ಅಜ್ಜ.

"ದುಃಖ ಅಲ್ಲರಿ. ಹೇಳಾಕ ಯಾರೂ ಇಲ್ಲ ಅಂತ. ಅವರನ್ನ ಕಂಡವರೆಲ್ಲಾ ಸತ್ತಾರ. ಇಲ್ಲಿದ್ದವರು ಅವರನ್ನ ಕಂಡೇ ಇಲ್ಲ. ಯಾರ ಮುಂದ ಹೇಳಬೇಕು? ಅದಕ್ಕ ಸಿಟ್ಟು."

ಹೊಸ್ತಿಲಿಂದ ಕಾಕು ತಟ್ಟನೆ, "ಎರಡ ವರ್ಷದ ಹಿಂದ ಹಿಂಗ ಮಾಡಿದ್ರಿ ನೀವು," ಅಂದಳು. "ಕೇರಳದಿಂದ ಫೋನ್ ಬಂದಾಗ. ಪಲ್ಯಾಕ ಉಪ್ಪು ಹೆಚ್ಚಾತು ಅಂತ ತಾಟು ಸರಿಸಿ ಎದ್ರಿ. ಹದಿನೈದ ದಿನ ನನ್ನ ಕೂಡ ನೆಟ್ಟಗ ಮಾತಾಡಲಿಲ್ಲ. ನಾನು ಏನ ತಪ್ಪ ಮಾಡಿದ್ನೋ ಅಂತ ಚಿಂತಿ ಮಾಡೇ ಮಾಡಿದ್ನಿ."

ಹವಾಲ್ದಾರ ಕಾಕಾ ಬೆಂಕಿಗೆ ನಾಲ್ಕು ಕಡ್ಡಿ ಹಾಕಿದ. ಆಮೇಲೆ ಹೇಳಿದ್ದನ್ನು ನಾನು ಅವನ ಮಾತಿನಲ್ಲೇ ಬರೆಯಬೇಕಿತ್ತು. ಆದರೆ ಅವನು ಹೇಳಿದ್ದು ತುಂಡುತುಂಡಾಗಿ, ಹಿಂದುಮುಂದಾಗಿ. ನಾನು ಕೂಡಿಸಿ ಬರೆಯುತ್ತಿದ್ದೇನೆ.

ಲಖನೌದ ವೈದ್ಯಕೀಯ ದಳದ ಕೇಂದ್ರದಲ್ಲಿ ತರಬೇತಿಗೆ ಹೋದಾಗ ಒಂದೇ ಬ್ಯಾರಕ್ಕಿನಲ್ಲಿ ಅಕ್ಕಪಕ್ಕದ ಮಂಚದವರು ನಾಲ್ವರು. ಇವನು, ಸಾಂಗ್ಲಿಯ ಕಡೆಯ ಒಬ್ಬ, ಗಢವಾಲದ ಒಬ್ಬ, ಕೇರಳದ ಒಬ್ಬ. ಯಾರಿಗೂ ಇನ್ನೊಬ್ಬರ ಭಾಷೆ ಬಾರದು. ಮುರುಕು ಹಿಂದಿಯಲ್ಲೇ ಗೆಳೆತನ. ಇವನ ಮನೆಯಿಂದ ಶೇಂಗಾ ಚಟ್ನಿ, ಕಟಕ ರೊಟ್ಟಿಯ ಪಾರ್ಸಲ್ ಬಂದರೆ ಸಾಂಗ್ಲಿಯವನು ಮಂಚದ ಕೆಳಗೇ ಮಲಗಿಬಿಡುತ್ತಿದ್ದ, ಬೇರೆ ಯಾರೂ ಮುಟ್ಟದಂತೆ. 1971ರಲ್ಲಿ ನಾಲ್ವರೂ ಪೂರ್ವದ ಗಡಿಯಲ್ಲಿ, ಅಗರ್ತಲಾದ ಕಡೆ. ಡಿಸೆಂಬರಿನ ಮೊದಲ ದಿನಗಳಲ್ಲಿ ಅಖೌರಾದ ಹೋರಾಟ ನಡೆದಾಗ ಇವರು ಹಿಂದಿನ ಸಾಲಿನಲ್ಲಿ ಗಾಯಾಳುಗಳನ್ನು ಹೊತ್ತು ತರುತ್ತಿದ್ದರು. ಕೆಸರು, ಕಬ್ಬಿನಂತೆ ಎತ್ತರದ ಹುಲ್ಲು, ಕತ್ತಲೆ. ಸ್ಟ್ರೆಚರಿಗೆ ನಾಲ್ಕು ಹಿಡಿ, ನಾಲ್ಕು ಜನ. ಒಂದು ರಾತ್ರಿ ಶೆಲ್ ಬಿದ್ದು ಮುಂದಿನ ಎಡಹಿಡಿ ಕೈಬಿಟ್ಟಿತು. ಅದು ಸಾಂಗ್ಲಿಯವನದು.

"ಸ್ಟ್ರೆಚರ್ ಮ್ಯಾಲೆ ಇದ್ದಾಂವ ಬದುಕಿದ್ದ," ಎಂದ ಕಾಕಾ. "ಅದಕ್ಕ ನಾವು ನಿಲ್ಲಲಿಲ್ಲ. ಮೂರ ಜನ ಹೊತಗೊಂಡ ಬಂದ್ವಿ. ಹೊಳ್ಳಿ ಹೋಗೋದ್ರಾಗ ಇಂವ ಹೋಗಿದ್ದ. ಟೀವ್ಯಾಗ ಆ ಡಾಕ್ಟರರು ಹೊಲಿಯೋದು ನಿಲ್ಲಸಲಿಲ್ಲಲ್ರಿ, ಅವತ್ತ ಅದಕ್ಕ ನಾ ಎದ್ದು ಹೋದೆ."

ಗಢವಾಲದವನು ಸೈನ್ಯದಲ್ಲಿದ್ದಾಗಲೇ ಕಾಯಿಲೆಯಿಂದ ತೀರಿಕೊಂಡ. ಕೇರಳದವನು ವರ್ಷಕ್ಕೊಂದು ಪತ್ರ ಬರೆಯುತ್ತಿದ್ದ, ಆಮೇಲೆ ಫೋನ್. 2009ರಲ್ಲಿ ಫೋನ್ ಬಂದದ್ದು ಅವನ ಮಗನಿಂದ. "ಅವತ್ತಿಗೆ ನಾ ಒಬ್ಬನ ಉಳದೆ. ನಮ್ಮ ಕಡೆ ಬಾಟ್ಲಿ ಗೀಟ್ಲಿ ಏನೂ ಇರಲಿಲ್ಲ. ಇದ್ದಿದ್ರ ಎಷ್ಟ ಚಲೋ ಇತ್ತು. ಅದರ ನೆವದಿಂದ ನಾಕ ಮಂದೀನ್ನ ಕರದು ಹೇಳತಿದ್ದೆ."

ಮೂವರ ಹೆಸರನ್ನೂ ಅವನು ಆ ರಾತ್ರಿ ಹೇಳಿದ. ನಾನಿಲ್ಲಿ ಬರೆಯುವುದಿಲ್ಲ. ಅವು ಅವರವರ ಮನೆಯವರಿಗೆ ಸೇರಿದವು.

ಕಾಕು ಮೆಂತೆಪಲ್ಲೆಯ ಮೊರ ಬದಿಗಿಟ್ಟು ಬೆಂಕಿಯ ಹತ್ತಿರ ಬಂದು ಕೂತಳು. ಮೂವತ್ತೈದು ವರ್ಷಕ್ಕೂ ಹೆಚ್ಚಿನ ಸಂಸಾರದಲ್ಲಿ ಆ ಹೆಸರುಗಳನ್ನು ಆಕೆ ಕೇಳಿದ್ದು ಅಂದೇ ಮೊದಲು. "ಇನ್ನೊಮ್ಮೆ ಹೇಳ್ರಿ, ಏನಂದ್ರಿ ಹೆಸರು?" ಎಂದು ಒಂದೊಂದನ್ನೂ ಕೇಳಿ ತಾನೂ ನುಡಿದು ನೋಡಿದಳು. ಗಢವಾಲದವನ ಹೆಸರು ಆಕೆಯ ಬಾಯಲ್ಲಿ ಸರಿಯಾಗಿ ಕೂಡಲಿಲ್ಲ. ಕಾಕಾ ತಿದ್ದಿದ. ಮತ್ತೆ ಹೇಳಿದಳು.

ಆ ರಾತ್ರಿಯಿಂದ ನನಗೆ ಆ ಕಂತು ಬೇರೆಯಾಗಿ ಕಂಡಿದೆ. ಪಾಟರ್ ಮೊದಲು ಒಬ್ಬನೇ ತನ್ನ ನಾಲ್ವರ ಹೆಸರು ಹಿಡಿದು ಗ್ಲಾಸು ಎತ್ತುತ್ತಾನೆ. ಆಮೇಲೆ ಅದೇ ಬಾಟಲಿಯನ್ನು ಆ ನಾಲ್ವರನ್ನು ಎಂದೂ ಕಾಣದ ಕೊರಿಯಾದ ಸಂಗಾತಿಗಳಿಗೆ ಹಂಚುತ್ತಾನೆ. ಒಪ್ಪಂದದ ಪ್ರಕಾರ ಅವನು ಹಂಚಬೇಕಾಗಿರಲಿಲ್ಲ. ಹಂಚಿದ್ದರಿಂದ ಆ ಡೇರೆಯಲ್ಲಿದ್ದ ಎಲ್ಲರ ತಲೆಯಲ್ಲೂ 1917ರ ನಾಲ್ವರು ಬಂದು ಕೂತರು. ಹಳೆಯ ಗೆಳೆಯರು ದೊಡ್ಡವರೋ ಹೊಸಬರು ದೊಡ್ಡವರೋ ಎಂದು ಅಜ್ಜ, ರೇಲ್ವೆ ಕಾಕಾ ಅದೆಷ್ಟೋ ಸಂಜೆ ವಾದ ಮಾಡಿದ್ದಾರೆ. ನನಗೆ ಆ ವಾದವೇ ಬೇಕಾಗಿಲ್ಲ ಅನಿಸುತ್ತದೆ. ಹೊಸ ಗೆಳೆಯರಿಲ್ಲದೆ ಹಳೆಯವರನ್ನು ಯಾರ ಮುಂದೆ ಇಡುವುದು?

ಮುಂದಿನ ವರ್ಷ ಮಹಾನವಮಿ ಅಮಾವಾಸ್ಯೆ ಬಂತು. ಹೋದ ಹಿರಿಯರಿಗೆ ಎಡೆ ಇಡುವ ದಿನ. ಅದಕ್ಕೆ ಎರಡು ದಿನ ಮೊದಲು ಕಾಕು ನಮ್ಮ ಮನೆಗೆ ಬಂದು ಅಜ್ಜಿಯ ಮುಂದೆ, "ಈ ಸರತಿ ಮೂರು ಎಡಿ ಹೆಚ್ಚಿಗಿ ಇಡತೇನ್ರಿ" ಎಂದಳು. ಹವಾಲ್ದಾರ ಕಾಕಾ ಮೊದಲು ಹೌಹಾರಿದ. ಗೋತ್ರ ಗೊತ್ತಿಲ್ಲ, ಕುಲ ಗೊತ್ತಿಲ್ಲ, ಕೇರಳದವನಂತೂ ಕ್ರಿಸ್ತಿಯನ್.

"ಇದ್ರ ಇರ್ಲಿ," ಎಂದಳು ಕಾಕು. "ಅದನ್ನೆಲ್ಲಾ ನಾ ಕೇಳಿಲ್ಲ. ಅವರಿಗೆ ಊಟಕ್ಕ ಏನ ಸೇರತಿತ್ತು, ಅಷ್ಟ ಹೇಳ್ರಿ."

ಅದು ಅವನಿಗೆ ಬಾಯಿಪಾಠ. ಸಾಂಗ್ಲಿಯವನಿಗೆ ಶೇಂಗಾ ಚಟ್ನಿ, ಗಟ್ಟಿ ಮೊಸರು. ಗಢವಾಲದವನಿಗೆ ಅನ್ನ ಬೇಳೆ ಇದ್ದರೆ ಸಾಕು, ಮೇಲೆ ತುಪ್ಪ. ಕೇರಳದವನಿಗೆ ಮೀನು. ಇಲ್ಲಿ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ಅವರ ಮನೆಯ ಒಲೆಯ ಮೇಲೆ ಮೀನು ಎಂದೂ ಏರಿಲ್ಲ, ನಮ್ಮ ಮನೆಯಲ್ಲೂ ಇಲ್ಲ. ರೇಲ್ವೆ ಕಾಕಾನ ಮನೆಯಲ್ಲಿ ಹಿರಿಯರಿಗೆ ಮಾಂಸದ ಎಡೆ ಇಡುವ ರೂಢಿ ಮೊದಲಿಂದ ಇತ್ತು. "ಅವನ್ನ ನನಗ ಬಿಡ್ರಿ," ಎಂದ. "ಅಂವ ನಮ್ಮನಿಗೆ ಬರಲಿ." ಅಂದು ಹುಬ್ಬಳ್ಳಿಯ ಮೀನಿನ ಪೇಟೆಯಿಂದ ತಾನೇ ಆರಿಸಿ ತಂದ ಬಾಂಗಡೆಯನ್ನು ಸೊಸೆಯಿಂದ ಮಾಡಿಸಿದ. ಎಡೆ ಇಡುವ ಹೊತ್ತಿಗೆ ಹವಾಲ್ದಾರ ಕಾಕಾ ಹೋಗಿ ಆ ಮನೆಯ ಪಡಸಾಲೆಯಲ್ಲಿ ನಿಂತು ಹೆಸರು ಹೇಳಿಕೊಟ್ಟ.

ಧಾರಾವಾಹಿಯ ಇನ್ನೊಬ್ಬ ಡಾಕ್ಟರನ ಪಾತ್ರದ ವೇಯ್ನ್ ರೋಜರ್ಸ್ 2015ರ ಡಿಸೆಂಬರ್ 31ಕ್ಕೆ, ಪಾದ್ರಿಯ ಪಾತ್ರದ ವಿಲಿಯಂ ಕ್ರಿಸ್ಟೋಫರ್ ಸರಿಯಾಗಿ ಮರುವರ್ಷದ ಅದೇ ದಿನ ತೀರಿಕೊಂಡಾಗ ಮೂವರೂ 'ನಮ್ಮ ಮಂದಿ ಕಮ್ಮಿ ಆದ್ರು' ಎಂದು ಅಂಗಳಕ್ಕೆ ಬಂದು ಕೂತಿದ್ದರು. 2025ರ ಮೇ 30ರಂದು ಮೇಜರ್ ಮಾರ್ಗರೆಟ್ ಪಾತ್ರದ ಲೊರೆಟ್ಟಾ ಸ್ವಿಟ್ ಹೋದ ಸುದ್ದಿ ಬಂದಾಗ ಅಜ್ಜನೂ ಇರಲಿಲ್ಲ, ರೇಲ್ವೆ ಕಾಕಾನೂ ಇರಲಿಲ್ಲ. ಹವಾಲ್ದಾರ ಕಾಕಾ, ಕಾಕು, ನಾನು ಕೂತು ನೋಡಿದೆವು. ನಗು ಇಡಲೋ ತೆಗೆಯಲೋ ಎಂದು ಕೇಳಿದೆ. "ಇಡವಾ," ಎಂದ ಕಾಕಾ, "ಅವಗ ಬೇಕಾಗತಿತ್ತು."

ಆ ವರ್ಷದ ಅಮಾವಾಸ್ಯೆಗೆ ಕಾಕು ನಾಲ್ಕು ಎಡೆ ಹೆಚ್ಚಿಗೆ ಇಟ್ಟಳು. ಅಜ್ಜನಿಗೆ ಏನು ಸೇರುತ್ತಿತ್ತೆಂದು ನನ್ನನ್ನು ಕೇಳಿ ಬರೆದುಕೊಂಡಿದ್ದಳು. ಮೀನು ಈಗಲೂ ರೇಲ್ವೆ ಕಾಕಾನ ಮನೆಯಲ್ಲೇ ಆಗುತ್ತದೆ. ಕೇರಳದವನನ್ನಾಗಲಿ ಹಾಕೈ, ಪಾಟರ್‌ರನ್ನಾಗಲಿ ಎಂದೂ ಕಾಣದ ಆ ಮನೆಯ ಮೊಮ್ಮಗ ಪೇಟೆಗೆ ಹೋಗಿ ಬಾಂಗಡೆ ತರುತ್ತಾನೆ. ಹಿಂದಿನ ಸಲ ಬಾಂಗಡೆ ಸಿಗದೆ ಬೇರೆ ಮೀನು ತಂದಿದ್ದ. ಅದು ನಡೆಯುತ್ತದೋ ಇಲ್ಲವೋ ಎಂದು ಹವಾಲ್ದಾರ ಕಾಕಾನನ್ನು ಕೇಳಲು ಚೀಲ ಹಿಡಿದುಕೊಂಡೇ ಅವರ ಬಾಗಿಲಿಗೆ ಬಂದಿದ್ದ.